ಪ್ಲಗ್ ಒಣಗಿತ್ತು: ಸಣ್ಣ ಚೈನ್‌ಸಾ ಬಿಚ್ಚಿ ಜೋಡಿಸಿದ ಕಥೆ

ಸೆಪ್ಟೆಂಬರ್ ಕೊನೆಯ ಒಂದು ಸಂಜೆ ಗಾಳಿ ಬಂತು. ದೊಡ್ಡ ಗಾಳಿಯೇನಲ್ಲ. ಆದರೆ ಅಕೇಶಿಯಾ ಮರ ಬೀಳಲು ಅಷ್ಟೇ ಸಾಕು. ತೋಟದ ಮೇಲ್ಗಡೆ ದರೆಯ ಅಂಚಿನಲ್ಲಿದ್ದ ಮರ ಬೇಲಿಗೆ ಅಡ್ಡ ಬಿತ್ತು. ಬೀಳುವಾಗ ಫಸಲಿದ್ದ ಮೂರು ಅಡಿಕೆ ಮರಗಳನ್ನೂ ಜೊತೆಗೆ ಕೆಡವಿಕೊಂಡಿತು.

ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಮೂಲೆಯಿಂದ ಚೈನ್‌ಸಾ ತೆಗೆದೆ. ಮೇ ತಿಂಗಳಲ್ಲಿ ಕಟ್ಟಿಗೆ ಕೊಯ್ದು ಇಟ್ಟಿದ್ದು. ಆಮೇಲೆ ಮುಟ್ಟಿರಲಿಲ್ಲ. ಚೋಕ್ ಹಾಕಿ ಹಗ್ಗ ಎಳೆದೆ. ಇಪ್ಪತ್ತು ಸಲ ಎಳೆದಿರಬೇಕು. ಒಂದು ಕೆಮ್ಮೂ ಇಲ್ಲ.

ಅಪ್ಪಯ್ಯ ಜಗಲಿಯಲ್ಲಿ ಕೂತು ಕವಳ ಹಾಕುತ್ತಾ ನೋಡುತ್ತಿದ್ದರು. "ಕೊಡಲಿ ತರಲಾ?" ಅಂದರು. ತಮಾಷೆಗೋ ನಿಜವಾಗಿಯೋ ಗೊತ್ತಾಗಲಿಲ್ಲ.

ಮುಂದಿನದು ಆ ಮೆಷಿನ್ ಮತ್ತೆ ಓಡುವವರೆಗೆ ಏನೇನಾಯಿತು ಅನ್ನುವುದು. ನಾನು ಮೆಕ್ಯಾನಿಕ್ ಅಲ್ಲ. ಸಾಗರದ ಕಡೆಯ ಒಬ್ಬ ಸಣ್ಣ ಅಡಿಕೆ ಬೆಳೆಗಾರ, ಅಷ್ಟೇ. ಹಾಗಾಗಿ ತಪ್ಪು ಮಾಡಿದ್ದನ್ನೂ ಬರೆಯುತ್ತಿದ್ದೇನೆ. ಕೆಲವರಿಗೆ ಅದೇ ಜಾಸ್ತಿ ಉಪಯೋಗಕ್ಕೆ ಬರಬಹುದು.

ಮೊದಲು ಈ ಮೆಷಿನ್ ಯಾಕೆ ತಗೊಂಡೆ ಅಂತ ಹೇಳಿಬಿಡುತ್ತೇನೆ.

ನಾಲ್ಕು ವರ್ಷದ ಹಿಂದೆ ನಾನು, ಪಕ್ಕದ ಮನೆ ಭಾವ ಇಬ್ಬರೂ ಒಂದೇ ಬೇಸಿಗೆಯಲ್ಲಿ ಚೈನ್‌ಸಾ ತಗೊಂಡೆವು. ಭಾವ ಆನ್‌ಲೈನ್‌ನಲ್ಲಿ ತರಿಸಿದರು. 58 ಸಿಸಿ, 22 ಇಂಚಿನ ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ). ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್, 30 ಸಿಸಿ ಆಸುಪಾಸಿನದು, 14 ಇಂಚಿನ ಬಾರ್. ದುಡ್ಡು ಇಬ್ಬರದ್ದೂ ಹೆಚ್ಚು ಕಡಿಮೆ ಒಂದೇ. "ಇಷ್ಟೇ ದುಡ್ಡಿಗೆ ನನಗೆ 58 ಸಿಸಿ ಬಂತು ಮಾರಾಯ, ನಿಂದೇನು ಆಟದ ಸಾಮಾನಾ?" ಅಂತ ಭಾವ ಆ ವರ್ಷವಿಡೀ ನಗುತ್ತಿದ್ದರು.

ನಮ್ಮ ಕಡೆ ಸಣ್ಣ ಮೆಷಿನ್ ಅಂದರೆ ಹೆಚ್ಚಿನವರು ನೋಡುವುದು ಎರಡು ಮೂರನ್ನೇ. ಸ್ಟಿಲ್ ಎಂಎಸ್ 180 ಇದೆ: 31.8 ಸಿಸಿ, ಬಾರ್ ಚೈನ್ ಬಿಟ್ಟು ಸುಮಾರು 4 ಕೆಜಿ. ಹಸ್ಕ್ವರ್ನಾ 120 ಇದೆ: 38 ಸಿಸಿ, 5 ಕೆಜಿ ಹತ್ತಿರ. ಇದರ ಮೇಲೆ 14 ಅಥವಾ 16 ಇಂಚಿನ ಬಾರ್. ಅದರಾಚೆಗೆ ಹೆಸರೇ ಇಲ್ಲದ, ಅಥವಾ ವಾರಕ್ಕೊಂದು ಹೆಸರಿನ 58 ಸಿಸಿಗಳು.

ನಾನು ಲೆಕ್ಕ ಹಾಕಿದ್ದು ಸಿಸಿ ಅಲ್ಲ, ನಮ್ಮ ಮನೆಯ ಕೆಲಸ. ಅಡಿಕೆ ಬೇಯಿಸುವ ಒಲೆಗೆ ಕಟ್ಟಿಗೆ. ಬಚ್ಚಲು ಒಲೆಗೆ ಕಟ್ಟಿಗೆ. ಗಾಳಿಗೆ ಬಿದ್ದ ಅಡಿಕೆ ಮರ ತುಂಡು ಮಾಡುವುದು. ವರ್ಷಕ್ಕೆ ಒಂದೆರಡು ಅಕೇಶಿಯಾ. ಇದರಲ್ಲಿ ಹತ್ತು ಇಂಚಿಗಿಂತ ದಪ್ಪದ್ದು ಅಪರೂಪ. ಅದಕ್ಕೆ 22 ಇಂಚಿನ ಬಾರ್ ಯಾಕೆ?

ಭಾವನ ಮೆಷಿನ್ ಒಮ್ಮೆ ಎರಡು ದಿನ ತಂದು ಓಡಿಸಿದ್ದೆ. ಸುಳ್ಳು ಹೇಳಬಾರದು, ಒಂದೂವರೆ ಅಡಿ ದಪ್ಪದ ಹಲಸಿನ ದಿಮ್ಮಿಯಲ್ಲಿ ಅದು ಬೆಣ್ಣೆಗೆ ಚಾಕು ಹಾಕಿದ ಹಾಗೆ ಹೋಯಿತು. ನನ್ನದಾಗಿದ್ದರೆ ಎರಡೂ ಕಡೆಯಿಂದ ಕೊಯ್ದು ಒದ್ದಾಡಬೇಕಿತ್ತು. ಆದರೆ ತೋಟದ ಇಳಿಜಾರಿನಲ್ಲಿ ನಿಂತು ಕೊಂಬೆ ಸವರುವಾಗ ಆ ಉದ್ದದ ಮೂತಿ ಎಲ್ಲಿ ಹೋಗುತ್ತದೆ ಅಂತ ನೋಡುವುದೇ ಒಂದು ಕೆಲಸ. ಮೂರು ಸಲ ಮಣ್ಣಿಗೆ ತಾಗಿತು. ಒಂದು ಸಲ ಮಣ್ಣಿಗೆ ತಾಗಿದರೆ ಹಲ್ಲಿನ ಮೊನೆ ಹೋಯಿತು ಅಂತಲೇ ಲೆಕ್ಕ. ಸಂಜೆ ಸೊಂಟ ಹಿಡಿದುಕೊಂಡಿತ್ತು. ವಾಪಸ್ ಕೊಡುವಾಗ ಭಾವ ಕೇಳಿದರು, "ಹೇಗಿದೆ?" "ಜೋರಿದೆ ಭಾವ" ಅಂದೆ. ಜೋರಿರುವುದು ನಿಜ ತಾನೆ.

ಇನ್ನೊಂದು ಕಾರಣ ಬಿಡಿಭಾಗ. ನನ್ನದಕ್ಕೆ ಬೇಕಾದ ಡಯಾಫ್ರಮ್ ಕಿಟ್ (ಪೆಟ್ರೋಲ್ ಎಳೆಯುವ ತೆಳು ಪೊರೆಗಳ ಪೊಟ್ಟಣ) ಪೇಟೆಯಲ್ಲೇ ಸಿಗುತ್ತದೆ. ಭಾವನದಕ್ಕೆ ಫೋಟೊ ಕಳಿಸಿ, ಅಳತೆ ಕಳಿಸಿ, ಬಂದದ್ದು ಕೂರದೆ ಮತ್ತೆ ಕಳಿಸಿ.

ಮೊದಲ ದಿನ

ಮೆಷಿನ್ ಸ್ಟಾರ್ಟ್ ಆಗದಿದ್ದರೆ ನಾನು ಮೊದಲು ನೋಡುವುದು ಇಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್. ಮೆಷಿನ್ ಜೊತೆ ಬಂದ ಕೀಯಲ್ಲಿ ಬಿಚ್ಚಿದೆ. ಅಷ್ಟು ಸಲ ಎಳೆದ ಮೇಲೆ ಪ್ಲಗ್ ಒದ್ದೆ ಇರಬೇಕು. ಇದು ಒಣಗಿತ್ತು. ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆಯೂ ಇಲ್ಲ.

ಈ ಒಂದು ವಿಷಯದಲ್ಲೇ ಅರ್ಧ ದಾರಿ ತೀರ್ಮಾನ ಆಗುತ್ತದೆ. ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ, ಅಥವಾ ಪೆಟ್ರೋಲ್ ಜಾಸ್ತಿ ಆಗಿದೆ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಆದರೂ ಸಮಾಧಾನಕ್ಕೆ ಪ್ಲಗ್ಗನ್ನು ಕ್ಯಾಪಿಗೆ ಹಾಕಿ, ಸಿಲಿಂಡರಿನ ಲೋಹಕ್ಕೆ ತಾಗಿಸಿ, ಕೊಟ್ಟಿಗೆಯ ಕತ್ತಲಲ್ಲಿ ಹಗ್ಗ ಎಳೆದೆ. ನೀಲಿ ಕಿಡಿ ಚಟ್ ಅಂತು. ಪ್ಲಗ್ ತೂತಿನಿಂದ ದೂರ ಹಿಡಿದು ಮಾಡಬೇಕು ಇದನ್ನು. ಒಳಗೆ ಪೆಟ್ರೋಲ್ ಇದ್ದರೆ ಭಗ್ಗೆನ್ನುತ್ತದೆ.

ಆಮೇಲೆ ಪ್ಲಗ್ ತೂತಿಗೆ ಆಯಿಲ್ ಬೆರೆಸಿದ ಪೆಟ್ರೋಲ್ ಐದಾರು ತೊಟ್ಟು ಬಿಟ್ಟು, ಪ್ಲಗ್ ಕೂರಿಸಿ ಎಳೆದೆ. ಬರ್ರ್ ಅಂತ ಎರಡು ಸೆಕೆಂಡ್ ಓಡಿ ನಿಂತಿತು. ಅಲ್ಲಿಗೆ ಇಂಜಿನ್ ಸರಿ ಇದೆ, ಕಿಡಿ ಸರಿ ಇದೆ. ತಕರಾರು ಇರುವುದು ಟ್ಯಾಂಕಿನಿಂದ ಕಾರ್ಬೊರೇಟರಿನವರೆಗೆ, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗದವರೆಗೆ.

ಟ್ಯಾಂಕಿನ ಮುಚ್ಚಳ ತೆಗೆದು ಒಳಗಿದ್ದದ್ದನ್ನು ಗಾಜಿನ ಬಾಟಲಿಗೆ ಸುರಿದೆ. ನಾಚಿಕೆ ಆಯಿತು. ಮೇ ತಿಂಗಳ ಪೆಟ್ರೋಲ್. ಮೇಲೆ ಹಳದಿ ಬಣ್ಣದ್ದು, ಹಳೇ ವಾರ್ನಿಶ್ ವಾಸನೆ. ತಳದಲ್ಲಿ ಎರಡು ಬೆರಳು ಬೇರೆಯೇ ಪದರ, ಮಸುಕು ಮಸುಕಾಗಿ, ಗಂಜಿ ತಿಳಿಯ ಹಾಗೆ. ಆ ಪೆಟ್ರೋಲ್ ತುಂಬಿದ್ದ ಕ್ಯಾನನ್ನು ಬೇಸಿಗೆ ಮಳೆಯ ಹೊತ್ತಿಗೆ ಸೂರಿನಡಿ ಇಟ್ಟಿದ್ದೆ, ಅರೆ ಮುಚ್ಚಿದ ಮುಚ್ಚಳದಲ್ಲಿ. ನೀರು ಇಳಿದಿದೆ.

ಮೊದಲಿನ ಪೆಟ್ರೋಲ್ ಆಗಿದ್ದರೆ ನೀರು ತಳದಲ್ಲಿ ಹನಿಯಾಗಿ ಕೂರುತ್ತಿತ್ತು, ಸೋಸಿ ತೆಗೆಯಬಹುದಿತ್ತು. ಈಗ ಹಾಗಿಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರಲ್ಲ, ಅದರಲ್ಲಿ ನೂರಕ್ಕೆ 20 ಪಾಲು ಎಥನಾಲ್. ಎಥನಾಲಿಗೆ ನೀರು ಅಂದರೆ ಪ್ರೀತಿ. ಸ್ವಲ್ಪ ನೀರನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಹೋಗಿ ಕೂರುತ್ತದೆ. ಬೆರೆಸಿದ ಟೂಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ ಸವೆಯದ ಹಾಗೆ ಪೆಟ್ರೋಲಿಗೇ ಹಾಕುವ ಆಯಿಲ್) ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೆಟ್ರೋಲ್ ಎಳೆಯುವ ಫಿಲ್ಟರ್ ಇರುವುದು ಟ್ಯಾಂಕಿನ ತಳದಲ್ಲಿ. ಅಂದರೆ ಮೆಷಿನ್ ಹೇಗೋ ಸ್ಟಾರ್ಟ್ ಆಗಿದ್ದಿದ್ದರೂ ಆಯಿಲ್ ಇಲ್ಲದ ಸ್ಪಿರಿಟ್ ನೀರು ಕುಡಿದು ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು. ಸ್ಟಾರ್ಟ್ ಆಗದೆ ಇದ್ದದ್ದೇ ನನ್ನ ಪುಣ್ಯ.

ಪುಸ್ತಕದ ಮಾತು ಅನ್ನಿಸಿದರೆ ನೀವೇ ನೋಡಬಹುದು. ಕರುವಿಗೆ ಔಷಧಿ ಕುಡಿಸುವ 50 ಎಂಎಲ್ ಸಿರಿಂಜ್ ಮನೆಯಲ್ಲಿತ್ತು. ಮೊದಲು 4 ಎಂಎಲ್ ನೀರು ಎಳೆದೆ. ಅದರ ಮೇಲೆ ಬಂಕಿನಿಂದ ಅವತ್ತೇ ತಂದ, ಆಯಿಲ್ ಬೆರೆಸದ ಪೆಟ್ರೋಲ್ 40 ಎಂಎಲ್. ಮೂತಿಗೆ ಬೆರಳು ಒತ್ತಿ ಚೆನ್ನಾಗಿ ಕುಲುಕಿ, ಮೂತಿ ಕೆಳಗೆ ಮಾಡಿ ಹತ್ತು ನಿಮಿಷ ಹಿಡಿದೆ. ತಳದ ಪದರ 4ರ ಗೆರೆಯಲ್ಲಿ ಇರಬೇಕಿತ್ತು ಅಲ್ವಾ? 12ರ ಹತ್ತಿರ ನಿಂತಿತ್ತು. ಹೆಚ್ಚಾದ ಆ 8 ಎಂಎಲ್ಲೇ ಎಥನಾಲ್. 40ರಲ್ಲಿ 8. ಲೆಕ್ಕ ಸರಿಯಾಗಿ ಬಂದಿದ್ದು ನೋಡಿ ಮಗಳಿಗೂ ಕರೆದು ತೋರಿಸಿದೆ. ಆ ಸಿರಿಂಜ್ ಮತ್ತೆ ಕರುವಿಗೆ ಬಳಸಲಿಲ್ಲ, ಹೇಳಬೇಕಿಲ್ಲ.

ಟ್ಯಾಂಕಿನಿಂದ ಫಿಲ್ಟರನ್ನು ತಂತಿ ಕೊಕ್ಕೆ ಹಾಕಿ ಎಳೆದೆ. ಪೈಪಿನ ತುದಿ ಸಮೇತ ತುಂಡಾಗಿ ಬಂತು. ರಬ್ಬರ್ ಪೈಪ್ ಬೆರಳಲ್ಲಿ ಮಡಚಿದರೆ ಒಣ ಬಾಳೆಪಟ್ಟೆಯ ಹಾಗೆ ಸೀಳುತ್ತಿತ್ತು. ಇಷ್ಟಾದ ಮೇಲೆ ಕಾರ್ಬೊರೇಟರ್ ಒಳಗೆ ಏನಾಗಿರಬಹುದು ಅಂತ ಊಹಿಸಲು ಕಷ್ಟವಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಪೇಟೆಗೆ ಹೋಗಿ ಡಯಾಫ್ರಮ್ ಕಿಟ್, ಪೈಪ್, ಟ್ಯಾಂಕ್ ಫಿಲ್ಟರ್, ಪ್ಲಗ್ ತಂದೆ. ಹೊಸ ಕಾರ್ಬೊರೇಟರನ್ನೇ ಹಾಕಿಬಿಡಿ ಅಂದರು ಅಂಗಡಿಯಲ್ಲಿ. ಬಿಚ್ಚಿ ನೋಡದೆ ಹೊಸದು ಯಾಕೆ ಅಂತ ನಾನು.

ಎರಡನೇ ದಿನ

ಈ ಕಾರ್ಬೊರೇಟರ್ ಬೈಕಿನದರ ಹಾಗಲ್ಲ. ಬೈಕಿನದರಲ್ಲಿ ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್. ತಲೆಕೆಳಗಾದರೆ ಮುಗಿಯಿತು. ಚೈನ್‌ಸಾವನ್ನು ಅಡ್ಡ, ಉದ್ದ, ಮಗ್ಗುಲು ಹೇಗೆ ಹಿಡಿದರೂ ಓಡಬೇಕು. ಅದಕ್ಕೆ ಬಟ್ಟಲಿನ ಬದಲು ಎರಡು ತೆಳು ಪೊರೆ ಇಟ್ಟಿದ್ದಾರೆ. ಒಂದು ಪಂಪು: ಇಂಜಿನ್ ಹೊಟ್ಟೆಯ ಒತ್ತಡ ಏರಿಳಿದ ಹಾಗೆಲ್ಲ ಅದು ಪಟಪಟ ಬಡಿದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಅಳತೆಗಾರ: ಎಷ್ಟು ಬೇಕೋ ಅಷ್ಟು ಹೊತ್ತು ಒಂದು ಸೂಜಿಯನ್ನು ಎತ್ತಿ ಬಿಡುತ್ತದೆ. ಎರಡೂ ಮೆತ್ತಗಿರಬೇಕು. ಗಟ್ಟಿಯಾದರೆ ಬಡಿಯುವುದೂ ಇಲ್ಲ, ಎತ್ತುವುದೂ ಇಲ್ಲ.

ಏರ್ ಫಿಲ್ಟರ್ ತೆಗೆದು, ಎರಡು ನಟ್ಟು ಬಿಚ್ಚಿ, ಆಕ್ಸಿಲರೇಟರ್ ಕಡ್ಡಿ ಕಳಚಿದರೆ ಕಾರ್ಬೊರೇಟರ್ ಕೈಗೆ ಬರುತ್ತದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆದೆ. ಅಡುಗೆಮನೆಯಿಂದ ಅಮ್ಮನ ಒಂದು ಸ್ಟೀಲ್ ಹರಿವಾಣ ತಂದು ಅದರೊಳಗೆ ಇಟ್ಟುಕೊಂಡು ಕೂತೆ. ಒಳಗಿರುವ ಸ್ಪ್ರಿಂಗ್ ಜೀರಿಗೆ ಕಾಳಿನಷ್ಟು. ಅಂಗಳಕ್ಕೆ ಹಾರಿದರೆ ಕೋಳಿ ತಿಂದಿತು ಅಂತಲೇ.

ಒಂದು ಮಗ್ಗುಲಲ್ಲಿ ಒಂದೇ ಸ್ಕ್ರೂ. ಬಿಚ್ಚಿದರೆ ಪಂಪಿನ ಪೊರೆ, ಅದರ ಹಿಂದೆ ಸಾಸಿವೆ ಸೋಸುವಷ್ಟೂ ದೊಡ್ಡದಲ್ಲದ ಒಂದು ಜಾಲರಿ. ಜಾಲರಿ ಪೂರ್ತಿ ಹಳದಿ ಅಂಟು. ಇನ್ನೊಂದು ಮಗ್ಗುಲಲ್ಲಿ ನಾಲ್ಕು ಸ್ಕ್ರೂ, ಅದರಡಿ ಅಳತೆಯ ಪೊರೆ. ಹೊಸ ಪೊರೆಯನ್ನೂ ಹಳೆಯದನ್ನೂ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಒತ್ತಿ ನೋಡಿ, ವ್ಯತ್ಯಾಸ ಕಣ್ಣಿಗಿಂತ ಕಿವಿಗೆ ಬೇಗ ಗೊತ್ತಾಗುತ್ತದೆ. ಹೊಸದು ಸದ್ದೇ ಮಾಡುವುದಿಲ್ಲ. ಹಳೆಯದು ಎಕ್ಸ್‌ರೇ ಹಾಳೆಯ ಹಾಗೆ ಚರ್ ಚರ್ ಅನ್ನುತ್ತಿತ್ತು.

ಸೂಜಿ, ಲಿವರ್, ಸ್ಪ್ರಿಂಗ್ ಎಲ್ಲ ತೆಗೆದು ಕ್ಲೀನರ್ ಸ್ಪ್ರೇ ಹೊಡೆದೆ. ತೂತುಗಳಿಗೆ ತಂತಿ ಹಾಕಬಾರದು. ಅಳತೆಯ ತೂತು ಕೂದಲಿನಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಟಯರ್ ಪಂಪಿನಲ್ಲಿ ಗಾಳಿ ಹೊಡೆದೆ.

ಜೋಡಿಸುವಾಗ ತಪ್ಪಿದೆ. ಪ್ರತಿ ಮಗ್ಗುಲಿಗೂ ಒಂದು ಪೊರೆ, ಸಂದಿನಲ್ಲಿ ಸೋರದ ಹಾಗೆ ಇಡುವ ಒಂದು ಹಾಳೆ, ಅದೇ ಗ್ಯಾಸ್ಕೆಟ್. ಯಾವುದು ಮೊದಲು? ಪಂಪಿನ ಕಡೆ ಪೊರೆ ಮೊದಲು, ಅದರ ಮೇಲೆ ಗ್ಯಾಸ್ಕೆಟ್. ನಾನು ಅಳತೆಯ ಕಡೆಗೂ ಹಾಗೇ ಹಾಕಿದೆ. ಮೆಷಿನ್ ಎಳೆದೆ, ಎಳೆದೆ, ಎಳೆದೆ. ಪ್ಲಗ್ ಬಿಚ್ಚಿದರೆ ಈ ಸಲ ಪೆಟ್ರೋಲ್ ಸ್ನಾನ ಮಾಡಿದೆ. ಫೋಟೊ ನೋಡೋಣ ಅಂದರೆ ಹೊರಗಿಂದ ತೆಗೆದ ಫೋಟೊದಲ್ಲಿ ಒಳಗಿನದು ಎಲ್ಲಿ ಕಾಣುತ್ತದೆ? ಸುಮ್ಮನೆ ಕೂತು ಯೋಚಿಸಿದೆ. ಅಳತೆಯ ಕಡೆ ಗ್ಯಾಸ್ಕೆಟ್ ಮೊದಲು ಬಂದರೆ ಅದರ ದಪ್ಪದಷ್ಟು ಪೊರೆ ಮೇಲೇಳುತ್ತದೆ, ಲಿವರಿನಿಂದ ದೂರ ಇರುತ್ತದೆ. ಅದಿಲ್ಲದಿದ್ದರೆ ಪೊರೆ ಲಿವರಿನ ಮೇಲೇ ಕೂತು ಸೂಜಿಯನ್ನು ಸದಾ ಎತ್ತಿಹಿಡಿಯುತ್ತದೆ. ನಲ್ಲಿ ತೆರೆದಿಟ್ಟ ಹಾಗೆ. ಮತ್ತೆ ನಾಲ್ಕು ಸ್ಕ್ರೂ ಬಿಚ್ಚಿ ಅದಲು ಬದಲು ಮಾಡಿದೆ: ಗ್ಯಾಸ್ಕೆಟ್ ಮೊದಲು, ಮೇಲೆ ಪೊರೆ.

ಪ್ಲಗ್ ಒರೆಸಿ, ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಎಳೆದರೆ ಆರನೇ ಎಳೆತಕ್ಕೆ ಎದ್ದಿತು. ಬಿಳಿ ಹೊಗೆ ಅಂಗಳ ತುಂಬಿತು. ಅಪ್ಪಯ್ಯ ಕೆಮ್ಮಿ ಒಳಗೆ ಹೋದರು.

ಸಂತೋಷ ಹತ್ತು ನಿಮಿಷ. ಐಡ್ಲಿಂಗ್ ಚೆನ್ನಾಗಿತ್ತು. ಆಕ್ಸಿಲರೇಟರ್ ಒತ್ತಿದರೆ ಬೋ ಅಂತ ಎಳೆದಾಡಿ ಏರುತ್ತಿರಲಿಲ್ಲ. ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಕಾರ್ಬೊರೇಟರ್ ಸ್ಕ್ರೂ ತಿರುಗಿಸಲು ಕೈ ಹೋಯಿತು. ತಡೆದೆ. ಈ ಮೆಷಿನ್ ಮೇ ತಿಂಗಳವರೆಗೆ ಇದೇ ಸ್ಕ್ರೂನಲ್ಲಿ ಓಡಿದೆ. ಅದನ್ನು ತಿರುಗಿಸಿ ಒಂದು ತಪ್ಪನ್ನು ಇನ್ನೊಂದರಲ್ಲಿ ಮುಚ್ಚಬಾರದು. ಮೊದಲೂ ಅದು ಸ್ವಲ್ಪ ಮಂಕು ಅನ್ನಿಸುತ್ತಿತ್ತು ಅನ್ನುವುದು ಆಗ ನೆನಪಾಯಿತು. ಸೈಲೆನ್ಸರ್ ಬಿಚ್ಚಿದೆ. ಬಾಯಿಯಲ್ಲಿ ಕಿಡಿ ಹಾರದ ಹಾಗೆ ಇಟ್ಟ ಜಾಲರಿ ದೋಸೆ ಕಾವಲಿಯ ಹಿಂಬದಿಯ ಹಾಗಿತ್ತು. ಹೊಗೆ ಹೊರಗೆ ಹೋಗಲು ಜಾಗವೇ ಇಲ್ಲ. ಹಳೇ ಮಾಲೀಕರು ಸ್ಕೂಟರ್ ಕಾಲದ ಲೆಕ್ಕದಲ್ಲಿ ಆಯಿಲ್ ಜಾಸ್ತಿ ಹಾಕುತ್ತಿದ್ದರಂತೆ. ನಾನೂ ಎರಡು ವರ್ಷ ಅಂದಾಜಿನ ಮೇಲೆ ಹಾಕಿದ್ದೆ. ತಂತಿ ಬ್ರಷ್ಷಿನಲ್ಲಿ ತಿಕ್ಕಿ ಜಾಲರಿ ಬೆಳಗಿದೆ.

ಸೈಲೆನ್ಸರ್ ತೆಗೆದಾಗ ಆಗುವ ಇನ್ನೊಂದು ಲಾಭ, ಆ ಕಿಂಡಿಯಲ್ಲಿ ಟಾರ್ಚ್ ಹಾಕಿದರೆ ಪಿಸ್ಟನ್ ಕಾಣುತ್ತದೆ. ಮೇಲಿಂದ ಕೆಳಗೆ ಗೀರು ಬಿದ್ದಿದ್ದರೆ ಮೆಷಿನ್ ಆಯಿಲ್ ಇಲ್ಲದೆ ಓಡಿದೆ ಅಂತ. ನನ್ನದರಲ್ಲಿ ಫ್ಯಾಕ್ಟರಿಯ ಅಡ್ಡ ಗೆರೆಗಳು ಇನ್ನೂ ಕಾಣುತ್ತಿದ್ದವು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ನಾಲ್ಕು ಸ್ಕ್ರೂ ಬಿಚ್ಚಿ ಇದನ್ನು ನೋಡದೆ ದುಡ್ಡು ಕೊಡಬೇಡಿ. ಬಿಚ್ಚಲು ಬಿಡದಿದ್ದರೆ ಹಗ್ಗದ ಹಿಡಿಕೆ ಹಿಡಿದು ಮೆಷಿನ್ ನೇತಾಡಿಸಿ. ಕಂಪ್ರೆಶನ್, ಅಂದರೆ ಸಿಲಿಂಡರಿನ ಒಳಗೆ ಗಾಳಿ ಒತ್ತಿಕೊಳ್ಳುವ ಬಿಗಿ, ಇದ್ದರೆ ತಡೆದು ತಡೆದು ಇಳಿಯುತ್ತದೆ. ಇಲ್ಲದಿದ್ದರೆ ಬಾವಿಗೆ ಬಿಟ್ಟ ಕೊಡಪಾನದ ಹಾಗೆ ಸುರ್ ಅಂತ ಇಳಿಯುತ್ತದೆ.

ಈಗ ಆಯಿಲ್ ಲೆಕ್ಕ ಸಿರಿಂಜಿನಲ್ಲೇ. ಚೈನ್‌ಸಾಗೆಂದೇ ಇರುವ ಒಳ್ಳೆ ಟೂಟಿ ಆಯಿಲ್ ಆದರೆ 1:50, ಅಂದರೆ ಲೀಟರ್ ಪೆಟ್ರೋಲಿಗೆ 20 ಎಂಎಲ್. ಸಾದಾ ಟೂಟಿ ಆದರೆ 1:25, ಲೀಟರಿಗೆ 40 ಎಂಎಲ್. ಬಾಟಲಿ ಮುಚ್ಚಳದ ಲೆಕ್ಕ ಬಿಟ್ಟೆ.

ಸೈಲೆನ್ಸರ್ ಹಾಕಿ ಸ್ಟಾರ್ಟ್ ಮಾಡಿದರೆ ಬೇರೆಯೇ ಮೆಷಿನ್. ಪೂರ್ತಿ ಒತ್ತಿದಾಗ, ಮರಕ್ಕೆ ತಾಗಿಸದೆ ಇರುವಾಗ, ಸದ್ದು ಸ್ವಲ್ಪ ಗೊರಗೊರ ಅನ್ನಬೇಕು. ಮರಕ್ಕೆ ಇಟ್ಟ ಕೂಡಲೇ ಆ ಗೊರಗೊರ ಹೋಗಿ ಸ್ವಚ್ಛ ಆಗಬೇಕು. ಖಾಲಿ ಓಡುವಾಗಲೇ ಸೊಳ್ಳೆಯ ಹಾಗೆ ಕಿರ್ ಅಂದರೆ ಪೆಟ್ರೋಲ್ ಕಡಿಮೆ ಹೋಗುತ್ತಿದೆ, ಇಂಜಿನ್ ಸುಡುತ್ತದೆ. ನನ್ನದು ಗೊರಗೊರ ಅಂತು. ಸ್ಕ್ರೂ ಮುಟ್ಟಲಿಲ್ಲ.

ಮೂರನೇ ದಿನ, ಮರದ ಹತ್ತಿರ

ಮೆಷಿನ್ ಓಡಿತು, ಆದರೆ ಕೊಯ್ಯಲಿಲ್ಲ. ಅಕೇಶಿಯಾ ಗಟ್ಟಿ ಮರ ನಿಜ. ಆದರೆ ಬಾರ್ ಅರ್ಧ ಇಳಿಯುವಷ್ಟರಲ್ಲಿ ಒಂದೇ ಕಡೆಗೆ ವಾಲಿ ಬಾಳೆಕಾಯಿಯ ಹಾಗೆ ಡೊಂಕಾಗಿ ಹೋಗುತ್ತಿತ್ತು. ಹೊರಗೆ ಬೀಳುವುದು ಹಿಟ್ಟು. ಚೈನ್ ಹರಿತವಿದ್ದರೆ ಚಕ್ಕೆ ಬೀಳುತ್ತದೆ, ಅವಲಕ್ಕಿಯ ಹಾಗೆ. ಹಿಟ್ಟು ಬಂದರೆ ಅದು ಕೊಯ್ಯುತ್ತಿಲ್ಲ, ಉಜ್ಜುತ್ತಿದೆ.

ಕೆಲಸ ನಿಲ್ಲಿಸಿ ಮನೆಗೆ ಬಂದೆ. ಭಾವನೂ ಬಂದರು ನೋಡಲು. "ನನ್ನ ಮೆಷಿನ್ ತರಲಾ?" ಅಂದರು. "ಅರ ಇದ್ದರೆ ಕೊಡಿ ಭಾವ" ಅಂದೆ. ಅವರ ಹತ್ತಿರ ಇದ್ದದ್ದು 4.8 ಎಂಎಂನ ದುಂಡು ಅರ. ಅವರ ಚೈನಿಗೆ ಅದು ಸರಿ. ನನ್ನ ಸಣ್ಣ ಚೈನಿಗೆ 4 ಎಂಎಂನದೇ ಬೇಕು. ದಪ್ಪ ಅರ ಹಾಕಿದರೆ ಹಲ್ಲಿನ ಕೊಕ್ಕೆಯ ಆಕಾರವೇ ಹೋಗುತ್ತದೆ. ಹುಡುಕಿದಾಗ ನನ್ನದೇ ಹಳೇ ಅರ ಸಿಕ್ಕಿತು, ತುಕ್ಕು ಹಿಡಿದಿರಲಿಲ್ಲ.

ಬಾರನ್ನು ಮರದ ಸೀಳಿಗೆ ಬಿಗಿ ಕೂರಿಸಿ, ಒಂದು ಹಲ್ಲಿಗೆ ಮಗಳ ಉಗುರು ಬಣ್ಣ ಹಚ್ಚಿ ಶುರು ಮಾಡಿದೆ. ಬಣ್ಣ ಯಾಕೆಂದರೆ ಎಲ್ಲಿಂದ ಹೊರಟೆ ಅಂತ ಹತ್ತನೇ ಹಲ್ಲಿಗೆ ಮರೆತುಹೋಗುತ್ತದೆ. ಹಲ್ಲುಗಳನ್ನು ಹತ್ತಿರದಿಂದ ನೋಡಿದಾಗ ಡೊಂಕಿನ ಗುಟ್ಟು ಕಂಡಿತು. ಎಡಗಡೆಯ ಹಲ್ಲುಗಳು ಉದ್ದ, ಬಲಗಡೆಯವು ಗಿಡ್ಡ. ನನ್ನ ಬಲಗೈಗೆ ಒಂದು ಕಡೆ ಸಲೀಸು, ಇನ್ನೊಂದು ಕಡೆ ಕಷ್ಟ. ಸಲೀಸಾದ ಕಡೆ ನಾಲ್ಕು ವರ್ಷ ಜಾಸ್ತಿ ಉಜ್ಜಿದ್ದೇನೆ. ತಪ್ಪು ಚೈನಿನದ್ದಲ್ಲ.

ಅತಿ ಗಿಡ್ಡ ಹಲ್ಲು ಯಾವುದು ಅಂತ ಹುಡುಕಿ, ಉಳಿದ ಎಲ್ಲವನ್ನೂ ಅದರ ಉದ್ದಕ್ಕೆ ಇಳಿಸಬೇಕಾಯಿತು. 30 ಡಿಗ್ರಿ ಓರೆಯಲ್ಲಿ, ಒಳಗಿಂದ ಹೊರಕ್ಕೆ, ಮುಂದೆ ತಳ್ಳುವಾಗ ಮಾತ್ರ ಒತ್ತಡ. ಹಿಂದೆ ಎಳೆಯುವಾಗ ಎತ್ತಿಬಿಡಬೇಕು, ಇಲ್ಲದಿದ್ದರೆ ಹಾಳಾಗುವುದು ಅರ. ಅರದ ಐದನೇ ಒಂದು ಪಾಲು ಹಲ್ಲಿನ ಮೇಲೆ ಕಾಣುತ್ತಿರಬೇಕು. ಉದ್ದದ ಹಲ್ಲಿಗೆ ಹತ್ತು ಹನ್ನೆರಡು ಎಳೆತ, ಗಿಡ್ಡದಕ್ಕೆ ಎರಡು. ಹಲ್ಲು ಗಿಡ್ಡವಾದರೆ ಅದರ ಮುಂದಿರುವ ಗೂಟವನ್ನೂ, ಅದೇ ರೇಕರನ್ನು, ಚಪ್ಪಟೆ ಅರದಲ್ಲಿ ಇಳಿಸಬೇಕು. ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ನಿರ್ಧಾರ ಮಾಡುವುದು ಅದು. ನನ್ನ ಚೈನಿಗೆ 0.65 ಎಂಎಂ ವ್ಯತ್ಯಾಸ ಇರಬೇಕು. ಅದಕ್ಕೊಂದು ಸಣ್ಣ ತಗಡಿನ ಗೇಜ್ ಬರುತ್ತದೆ, ತಗೊಳ್ಳಿ. ಕಣ್ಣಂದಾಜಿಗೆ ಇಳಿಸಿದರೆ ಮೆಷಿನ್ ಮರವನ್ನು ಕಚ್ಚಿ ಎಳೆದಾಡುತ್ತದೆ.

ಅರ ಹಾಕುತ್ತಾ ಕೂತಾಗ ಒಂದು ವಿಷಯ ಭಾವನಿಗೆ ಹೇಳಿದೆ. ಈ ಕೊಕ್ಕೆ ಹಲ್ಲನ್ನು ಕಂಡುಹಿಡಿದದ್ದು ಅಮೆರಿಕದ ಒರೆಗಾನ್ ಕಡೆಯ ಜೋ ಕಾಕ್ಸ್ ಅನ್ನುವ ಮರ ಕಡಿಯುವವನು. 1946ರಲ್ಲಿ ಒಂದು ಬುಡದಲ್ಲಿ ಮರ ಕೊರೆಯುವ ಹುಳ ನೋಡಿದನಂತೆ. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಯಿ ಹಾಕಿ ಮರ ತಿನ್ನುತ್ತಿತ್ತು, ನಾರಿನ ಜೊತೆಗೂ ಹೋಗುತ್ತಿತ್ತು, ಅಡ್ಡಕ್ಕೂ ಹೋಗುತ್ತಿತ್ತು. ಅದರ ದವಡೆ ನೋಡಿ ಎಡ ಬಲ ಹಲ್ಲಿನ ಚೈನ್ ಮಾಡಿ ಮರುವರ್ಷ ಮಾರಲು ಶುರು ಮಾಡಿದ. ಅದಕ್ಕಿಂತ ಮುಂಚೆ ಚೈನ್‌ಗೂ ನಮ್ಮ ಕೈಗರಗಸದ ಹಾಗೆ ಗೀರುವ ಹಲ್ಲೇ ಇತ್ತು. "ನಮ್ಮ ಅಟ್ಟದ ತೊಲೆಯಲ್ಲೂ ಅಂಥ ಹುಳ ಇದೆ ಮಾರಾಯ, ನಮಗೆ ಯಾರಿಗೂ ಹೊಳೆಯಲಿಲ್ಲ" ಅಂದರು ಭಾವ.

ಹಾಗೇ ಮಗ್ಗುಲಿನ ಮುಚ್ಚಳ ತೆಗೆದೆ. ಕ್ಲಚ್ಚಿನ ಸುತ್ತ ಅಡಿಕೆ ಮರದ ನಾರು ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿತ್ತು. ಚೈನ್ ಸಲೀಸಾಗಿ ಓಡಲು ಬಾರಿಗೆ ಎಣ್ಣೆ ಬರುವ ತೂತು ಅದರ ಹಿಟ್ಟಿನಿಂದ ಮುಚ್ಚಿತ್ತು. ಅಡಿಕೆ, ತೆಂಗು ಕೊಯ್ದ ದಿನ ಇದನ್ನು ಬಿಚ್ಚಿ ಬಿಡಿಸಲೇಬೇಕು. ಬಾರಿನ ಹಳ್ಳವನ್ನು ಹಳೇ ಹ್ಯಾಕ್ಸಾ ಬ್ಲೇಡಿನಲ್ಲಿ ಕೆರೆದು, ಬಾರನ್ನು ಮೇಲೆ ಕೆಳಗೆ ತಿರುಗಿಸಿ ಹಾಕಿದೆ. ಎಣ್ಣೆ ಬರುತ್ತದಾ ಅಂತ ನೋಡಲು ಮೂತಿಯನ್ನು ರಟ್ಟಿನ ಎದುರು ಹಿಡಿದು ಓಡಿಸಬೇಕು. ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡಿತು. ಬೈಕಿನಿಂದ ಇಳಿಸಿದ ಕರಿ ಆಯಿಲ್ ಹಾಕುವವರು ನಮ್ಮೂರಲ್ಲಿ ಬಹಳ. ನಾನು ಹಾಕುವುದಿಲ್ಲ. ಅದರಲ್ಲಿರುವ ಲೋಹದ ಪುಡಿ ಪಂಪನ್ನು ತಿನ್ನುತ್ತದೆ, ತೋಟದ ಮಣ್ಣಿಗೂ ಬೀಳುತ್ತದೆ.

ಮಧ್ಯಾಹ್ನ ಮತ್ತೆ ಮರದ ಹತ್ತಿರ ಹೋದೆ. ಬೇಲಿಯ ಮೇಲೆ ಕಮಾನಾಗಿ ಬಿದ್ದ ಮರ ಅಂದರೆ ಬಿಲ್ಲು. ಮೇಲಿನ ಮಗ್ಗುಲು ಎಳೆದುಕೊಂಡಿರುತ್ತದೆ, ಕೆಳಗಿನದು ಒತ್ತಿಕೊಂಡಿರುತ್ತದೆ. ಒತ್ತಿಕೊಂಡ ಕಡೆ ಮೊದಲು ಮೂರನೇ ಒಂದು ಪಾಲು ಕೊಯ್ದು, ಆಮೇಲೆ ಎಳೆದುಕೊಂಡ ಕಡೆಯಿಂದ ಬರಬೇಕು. ಉಲ್ಟಾ ಮಾಡಿದರೆ ಮರ ಸೀಳಿ ಎದೆಗೆ ಹೊಡೆಯಬಹುದು, ಅಥವಾ ಬಾರ್ ಕಚ್ಚಿಕೊಳ್ಳುತ್ತದೆ. ಎರಡನೇ ತುಂಡಿನಲ್ಲಿ ಅಂದಾಜು ತಪ್ಪಿ ಬಾರ್ ಕಚ್ಚಿಕೊಂಡಿತು. ಅಡಿಕೆ ದಬ್ಬೆಯ ಎರಡು ಬೆಣೆ ಹೊಡೆದು ಬಿಡಿಸಿಕೊಂಡೆ.

ಇನ್ನೊಂದು ಆಗಿದ್ದು ಹೇಳಲೇಬೇಕು. ಕೊಂಬೆಗಳ ರಾಶಿಯೊಳಗೆ ಮೂತಿಯ ಮೇಲಿನ ತುದಿ ಇನ್ನೊಂದು ಕೊಂಬೆಗೆ ತಾಗಿತು. ಮೆಷಿನ್ ಎಗರಿ ಮುಖದ ಕಡೆ ಬಂತು. ಎಡಗೈಯ ಮಣಿಕಟ್ಟು ಮುಂದಿನ ಗಾರ್ಡಿಗೆ ಬಡಿದು ಬ್ರೇಕ್ ಬಿತ್ತು, ಚೈನ್ ನಿಂತಿತು. ಎಲ್ಲ ಮುಗಿದ ಮೇಲೆ ನನಗೆ ಗೊತ್ತಾಗಿದ್ದು. ನಮ್ಮ ಕಡೆ ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ, ಆ ಗಾರ್ಡನ್ನು ಅಡ್ಡ ಅಂತ ಕಿತ್ತು ಬಿಸಾಕಿ ಕೆಲಸ ಮಾಡುವವರನ್ನು ನೋಡಿದ್ದೇನೆ. ಅವರ ಧೈರ್ಯ ನನಗೆ ಬೇಡ. ಮೆಷಿನ್ ಸ್ಟಾರ್ಟ್ ಮಾಡಿದ ಕೂಡಲೇ ಗಾರ್ಡ್ ಮುಂದೆ ತಳ್ಳಿ ಬ್ರೇಕ್ ಹಿಡಿಯುತ್ತದಾ ಅಂತ ನೋಡುವುದು ಈಗ ಅಭ್ಯಾಸ.

ಸಂಜೆ ಆರರೊಳಗೆ ಮರ ಪೂರ್ತಿ ತುಂಡಾಯಿತು. ಒಂದೂವರೆ ಟ್ಯಾಂಕ್ ಪೆಟ್ರೋಲ್. ಟ್ಯಾಂಕ್ ಅಂದರೆ ಕಾಲು ಲೀಟರ್. ಚಕ್ಕೆ ಅವಲಕ್ಕಿಯ ಹಾಗೇ ಬಿತ್ತು, ಗೆರೆ ನೇರ ಹೋಯಿತು. ಮರ ನಮ್ಮ ಹಿಡುವಳಿಯದ್ದು. ಸೊಪ್ಪಿನ ಬೆಟ್ಟದ್ದಾಗಿದ್ದರೆ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು ಜಾಗ) ಮೆಷಿನ್ ಎತ್ತುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಬೇಕಿತ್ತು. ಸ್ವಂತ ಜಾಗದಲ್ಲೂ ನಿಂತ ಮರ ಕಡಿಯಲು ಬಹಳ ಜಾತಿಗಳಿಗೆ 1976ರ ಮರ ಸಂರಕ್ಷಣೆ ಕಾಯ್ದೆಯ ಅನುಮತಿ ಬೇಕು.

ಈಗ ಕೆಲಸ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುತ್ತೇನೆ. ಪೊರೆಗಳಲ್ಲಿ ಪೆಟ್ರೋಲ್ ಉಳಿಯಬಾರದು. ಪೆಟ್ರೋಲ್ ಒಂದು ಸಲಕ್ಕೆ ಅರ್ಧ ಲೀಟರ್ ಮಾತ್ರ ಬೆರೆಸುವುದು, ಕ್ಯಾನಿನ ಮೇಲೆ ತಾರೀಕು ಬರೆಯುವುದು. ತಿಂಗಳು ದಾಟಿದ್ದು ಕಟ್ಟಿಗೆ ಒಲೆ ಹೊತ್ತಿಸಲಿಕ್ಕೂ ಅಲ್ಲ, ತುಕ್ಕು ಹಿಡಿದ ಕತ್ತಿ ತೊಳೆಯಲು.

ಒಂದು ತಕರಾರು ಉಳಿದಿದೆ. ರಾತ್ರಿ ಇಟ್ಟ ಮೆಷಿನ್ ಬೆಳಿಗ್ಗೆ ಬಾರಿನ ಎಣ್ಣೆಯನ್ನು ನೆಲಕ್ಕೆ ಸೋರಿಸಿರುತ್ತದೆ. ಎಣ್ಣೆ ಪೈಪೂ ಬದಲಿಸಬೇಕೋ ಏನೋ, ಕೊಯ್ಲು ಮುಗಿದ ಮೇಲೆ ನೋಡಬೇಕು. ಅಲ್ಲಿಯವರೆಗೆ ಅದರಡಿ ಒಂದು ಹರಿವಾಣ ಇಟ್ಟಿದ್ದೇನೆ. ಅಮ್ಮ ಎರಡು ಸಲ ಕೇಳಿದರು, ಆಮೇಲೆ ಪೇಟೆಯಿಂದ ಹೊಸದೊಂದು ತರಿಸಿಕೊಂಡರು.